ಎದೆಯುರಿ ಮತ್ತು ತೂಕದ ಪೆಟ್ಟಿಗೆ

ಎದೆಯುರಿಗೆ ಯಾವ ಔಷಧ ಒಳ್ಳೆಯದು ಎಂದು ಯಾರಾದರೂ ನನ್ನನ್ನು ಕೇಳಿದರೆ ಎರಡು ಗಂಟೆ ಬಿಡದೆ ಮಾತಾಡಬಲ್ಲೆ. ಯಾರೂ ಕೇಳುವುದಿಲ್ಲ, ಅದೇ ಬೇಸರ. ಜಗಿಯುವ ಮಾತ್ರೆ, ನುಂಗುವ ಮಾತ್ರೆ, ನೀರಿಗೆ ಹಾಕಿದರೆ ಬುಸ್ಸೆನ್ನುವ ಪುಡಿ, ಬಾಟಲಿ ಕುಲುಕಿ ಕುಡಿಯುವ ಗುಲಾಬಿ ಬಣ್ಣದ ಔಷಧ, ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗಿ ಅರ್ಧ ಗಂಟೆ ಗಡಿಯಾರ ನೋಡುತ್ತಾ ಕೂರಬೇಕಾದ ಕ್ಯಾಪ್ಸೂಲು, ಇವೆಲ್ಲವೂ ಈ ಬಡಪಾಯಿಯ ಹೊಟ್ಟೆಯನ್ನು ಹಾದುಹೋಗಿವೆ. ಏಳು ತಿಂಗಳು ಘನಘೋರ ಸಂಶೋಧನೆ ನಡೆಸಿದ್ದೇನೆ. ವಿಜ್ಞಾನಿಯೂ ನಾನೇ, ಪ್ರಯೋಗದ ಇಲಿಯೂ ನಾನೇ. ಅದರ ಫಲಿತಾಂಶ ಮಾತ್ರ ಹೊರಗೆ ಹೇಳುವ ಹಾಗಿಲ್ಲ, ಹೇಳಿದರೆ ನನ್ನ ಮರ್ಯಾದೆ ಹೋಗುತ್ತದೆ. ನಿಮಗೆ ಹೇಳುತ್ತೇನೆ. ನೀವೇನೂ ನಮ್ಮ ಮನೆಗೆ ಬಂದು ಹೋಗುವವರಲ್ಲವಲ್ಲ.

ಮೊದಲು ನನ್ನ ಉದ್ಯೋಗ ಹೇಳಿಬಿಡುತ್ತೇನೆ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಇನ್ಸ್‌ಪೆಕ್ಟರಾಗಿದ್ದು ಎರಡು ವರ್ಷದ ಹಿಂದೆ ನಿವೃತ್ತನಾದವನು. ಅಂಗಡಿ ಅಂಗಡಿಗೂ ಹೋಗಿ ತಕ್ಕಡಿ ಹಿಡಿದು ನೋಡುವುದು, ಸರಿಯಿದ್ದರೆ ಮುದ್ರೆ ಒತ್ತುವುದು, ಇಲ್ಲದಿದ್ದರೆ ಅಂಗಡಿಯವನ ಮುಖ ಬಾಡುವಂತೆ ನಾಲ್ಕು ಮಾತಾಡುವುದು. ತಪ್ಪು ಹುಡುಕುವುದಕ್ಕೇ ಸರ್ಕಾರ ಸಂಬಳ ಕೊಡುತ್ತಿತ್ತು. ಮನೆಗೆ ಬಂದು ಊಟಕ್ಕೆ ಕೂತರೆ ಸಂಬಳವಿಲ್ಲದೆ ಅದೇ ಕೆಲಸ ಮುಂದುವರಿಯುತ್ತಿತ್ತು. “ಉಪ್ಪು ಒಂದು ಚಿಟಿಕೆ ಕಡಿಮೆ.” “ಹುಳಿ ಮುಂದಾಯಿತು.” “ಬೇಳೆ ಇನ್ನೊಂದು ಕುದಿ ಬೇಕಿತ್ತು.” ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನಾನು ಷರಾ ಬರೆಯದೆ ಬಿಟ್ಟ ಊಟವೇ ಇಲ್ಲ.

ನಮ್ಮನೆಯವಳು ಸುಮ್ಮನೆ ಕೇಳಿಸಿಕೊಳ್ಳುವ ಪೈಕಿ ಅಲ್ಲ. ಸೌಟು ಎತ್ತಿ ಹಿಡಿದು, “ಹಾಕಿ ನಿಮ್ಮ ಮುದ್ರೆ! ನಾಳೆಯಿಂದ ಈ ಅಂಗಡಿ ಮುಚ್ತೀನಿ!” ಅನ್ನುತ್ತಿದ್ದಳು. ಮಾರನೆಯ ದಿನ ಅಂಗಡಿ ಎಂದಿನಂತೆ ತೆರೆಯುತ್ತಿತ್ತು, ಉಪ್ಪು ಒಂದು ಚಿಟಿಕೆ ಹೆಚ್ಚಾಗಿರುತ್ತಿತ್ತು.

ಅವಳು ರುಚಿ ನೋಡುವ ಕ್ರಮ ಒಂದಿತ್ತು. ಕುದಿಯುವ ಪಾತ್ರೆಯಿಂದ ಒಂದು ಹನಿಯನ್ನು ಎಡಗೈಯ ಅಂಗೈಗೆ ಹಾಕಿಕೊಂಡು ನೆಕ್ಕಿ, ಎರಡೇ ಕ್ಷಣ ಮೇಲೆ ಸೂರು ನೋಡುತ್ತಿದ್ದಳು. ಆಮೇಲೆ ಕೈ ಸೀದಾ ಉಪ್ಪಿನ ಡಬ್ಬಿಗೋ ಮೆಣಸಿನ ಡಬ್ಬಿಗೋ ಹೋಗುತ್ತಿತ್ತು. ನನ್ನ ಇಲಾಖೆಯ ಯಾವ ಉಪಕರಣವೂ ಅಷ್ಟು ಕರಾರುವಾಕ್ಕಾಗಿರಲಿಲ್ಲ. (ಇದನ್ನು ಅವಳಿಗೆ ಒಂದು ದಿನವೂ ಹೇಳಲಿಲ್ಲ. ಷರಾ ಬರೆಯುವವನು ಹೊಗಳಿಕೆ ಬರೆಯುವುದಿಲ್ಲ.)

ಎಂಟು ತಿಂಗಳ ಹಿಂದೆ ಅವಳಿಗೆ ಒಂದು ವಾರ ಜ್ವರ ಬಂತು. ನೆಗಡಿ, ಕೆಮ್ಮು, ಮೈಕೈ ನೋವು. ಜ್ವರ ಬಿಟ್ಟಿತು, ಎದ್ದಳು, ಅಡುಗೆಮನೆಗೆ ಹೋದಳು. ಆದರೆ ಅಂಗೈಯ ಹನಿ ನೆಕ್ಕಿ ಸೂರು ನೋಡುವುದು ಎರಡು ಕ್ಷಣಕ್ಕೆ ಮುಗಿಯುತ್ತಿರಲಿಲ್ಲ. ಹತ್ತು ಕ್ಷಣ, ಇಪ್ಪತ್ತು ಕ್ಷಣ. ಮತ್ತೊಂದು ಹನಿ. ಮತ್ತೆ ಸೂರು. ಜೇಡರ ಬಲೆ ನೋಡುತ್ತಿದ್ದಾಳೆಂದು ತಿಳಿದು ನಾನು ಪೊರಕೆ ತಂದು ಬಲೆ ತೆಗೆದೆ.

ಹದಿನೈದು ದಿನ ಕಳೆದಿರಬೇಕು. ಬೆಳಿಗ್ಗೆ ಟೀ ತಂದುಕೊಟ್ಟಳು. ಒಂದು ಗುಟುಕು ಕುಡಿದವನು ಹಾಗೇ ಉಳಿದೆ. ಸಕ್ಕರೆಯ ಜಾಗದಲ್ಲಿ ಎರಡು ಚಮಚ ಉಪ್ಪು! ಷರಾ ನಾಲಿಗೆಯ ತುದಿಗೆ ಬಂದಿತ್ತು, ಎಂಥ ಷರಾ ಅಂದರೆ ಅವಳು ಒಂದು ತಿಂಗಳು ಮರೆಯಬಾರದು ಅಂಥದ್ದು. ತಲೆಯೆತ್ತಿ ನೋಡಿದೆ. ಎದುರಿನ ಕುರ್ಚಿಯಲ್ಲಿ ಅವಳು ಅದೇ ಪಾತ್ರೆಯಿಂದ ಬಗ್ಗಿಸಿಕೊಂಡ ಟೀಯನ್ನು ಪೇಪರು ಓದುತ್ತಾ ಗುಟುಕು ಗುಟುಕಾಗಿ ಕುಡಿಯುತ್ತಿದ್ದಳು. ಲೋಟ ಖಾಲಿಯಾಯಿತು. ಕೊನೆಯ ಗುಟುಕು ಮುಗಿಸಿ ಸೆರಗಿನಿಂದ ಬಾಯಿ ಒರೆಸಿಕೊಂಡು, “ಟೀ ಹೇಗಿದೆ ರೀ?” ಅಂದಳು.

ಆ ಸೂರು, ಆ ಹನಿ, ಎಲ್ಲ ಒಟ್ಟಿಗೇ ಅರ್ಥವಾಯಿತು. ಎದೆಯಲ್ಲಿ ಏನೋ ಮುರಿದಂತಾಯಿತು. ಅದಕ್ಕೆ ಯಾವ ಅಂಗಡಿಯಲ್ಲೂ ಮಾತ್ರೆ ಸಿಗುವುದಿಲ್ಲ.

“ಚೆನ್ನಾಗಿದೆ,” ಅಂದೆ. ಉಪ್ಪಿನ ಟೀಯನ್ನು ತಳದವರೆಗೂ ಕುಡಿದೆ. ಅವಳು ಸ್ನಾನಕ್ಕೆ ಹೋದಾಗ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ಅದಲುಬದಲು ಮಾಡಿ ಸರಿಪಡಿಸಿದೆ.

ಅವತ್ತೇ ಒಂದು ಮಹಾಪ್ರತಿಜ್ಞೆ ಮಾಡಿದೆ. ಅವಳಾಗಿಯೇ ಹೇಳುವವರೆಗೂ ನಾನು ಕೇಳುವುದಿಲ್ಲ. ಅವಳ ಅಡುಗೆಗೆ ಒಂದು ಕೊಂಕು ತೆಗೆಯುವುದಿಲ್ಲ. ರುಚಿಯೇ ತಿಳಿಯದವಳಿಗೆ ಉಪ್ಪು ಕಡಿಮೆ ಎನ್ನುವುದು ಕುಂಟನಿಗೆ ನಡಿಗೆ ಸರಿಯಿಲ್ಲ ಎಂದಷ್ಟೇ ಕ್ರೂರ ಎಂದುಕೊಂಡೆ. ಹೀಗೆ ನಾನು ಕರುಣಾಮೂರ್ತಿಯಾದೆ. ಊಟಕ್ಕೆ ಕೂತಾಗಲೆಲ್ಲ “ಚೆನ್ನಾಗಿದೆ”, “ಬಹಳ ಚೆನ್ನಾಗಿದೆ”, “ಇನ್ನೊಂದು ಸೌಟು ಹಾಕು”.

ಆಗಲೇ ಖಾರ ಏರತೊಡಗಿದ್ದು.

ಮೊದಲ ವಾರ ಮೂಗು ಸೋರಿತು. ಎರಡನೆಯ ವಾರ ಕಿವಿ ಬಿಸಿಯಾಯಿತು. ತಿಂಗಳು ತುಂಬುವ ಹೊತ್ತಿಗೆ ಅನ್ನಕ್ಕೆ ಕಲಸಿದ್ದು ಬೇಳೆಯೋ ಬೆಂಕಿಯೋ ತಿಳಿಯದ ಸ್ಥಿತಿ. ಪಾಪ, ಅಂದಾಜು ತಪ್ಪಿ ಸುರಿಯುತ್ತಿದ್ದಾಳೆ ಎಂದುಕೊಂಡೆ. ನನಗೆ ಬಡಿಸಿ ಎದುರು ನಿಲ್ಲುತ್ತಿದ್ದಳು, ತಾನು ಆಮೇಲೆ ಊಟ ಮಾಡುತ್ತಿದ್ದಳು. ಅವಳಿಗೆ ಉರಿಯಾದರೂ ತಿಳಿಯಬಾರದೇ ಎಂದು ಮರುಗಿದೆ. ಹೇಳಿಬಿಡಬಹುದಿತ್ತಲ್ಲ ಅನ್ನುತ್ತೀರಿ. ಹೇಗೆ ಹೇಳಲಿ? ಖಾರ ಜಾಸ್ತಿ ಎಂದರೆ ಅವಳು ಅಂಗೈಗೆ ಒಂದು ಹನಿ ಹಾಕಿಕೊಳ್ಳುತ್ತಾಳೆ, ನೆಕ್ಕುತ್ತಾಳೆ, ಸೂರು ನೋಡುತ್ತಾಳೆ. ಆಗ ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಹೀಗಾಗಿ ಮೆಡಿಕಲ್ ಶಾಪಿಗೆ ಹೋದೆ. ಆ ಅಂಗಡಿಯವನಿಗೂ ನನಗೂ ಹಳೆಯ ಋಣಾನುಬಂಧ. ಅವನ ಅಂಗಡಿಯ ಮುಂದಿನ ತೂಕದ ಯಂತ್ರ ಒಂದೂವರೆ ಕೇಜಿ ಹೆಚ್ಚು ತೋರಿಸುತ್ತದೆಂದು ಹಿಂದೆ ಮೂರು ಸಲ ನೋಟೀಸು ಕೊಟ್ಟಿದ್ದೆ. 

“ಉರಿ ಊಟಕ್ಕೆ ಮುಂಚೆಯೋ, ಊಟ ಆದಮೇಲೋ, ಸಾರ್?” ಅಂದ.

“ಊಟ ಮಾಡ್ತಾ ಮಾಡ್ತಾನೇ.”

“ಖಾರ ಬಿಡಿ.”

“ಖಾರ ಬಿಡೋ ಹಾಗಿದ್ರೆ ನಿನ್ನ ಹತ್ರ ಯಾಕಪ್ಪಾ ಬರ್ತಿದ್ದೆ? ಔಷಧ ಕೊಡು.”

ಅವನು ಮೊದಲು ಜಗಿಯುವ ಮಾತ್ರೆ ಕೊಟ್ಟ. ಸೀಮೆಸುಣ್ಣ ತಿಂದಂತಿತ್ತು. ಉರಿ ತಕ್ಷಣ ಇಳಿದು ಒಂದು ಗಂಟೆಯಲ್ಲಿ ಮತ್ತೆ ಹತ್ತಿತು. ಹೆಚ್ಚು ತಿಂದಾಗ ಹೊಟ್ಟೆ ಕಟ್ಟಿಕೊಂಡಿತು. ಅದಕ್ಕೆ ಬೇರೆ ಜಾತಿಯ ಮಾತ್ರೆ ಕೊಟ್ಟ, ಅದು ಹೊಟ್ಟೆ ಬಿಡಿಸಿತು. ಎರಡನ್ನೂ ಸಮ ಮಾಡಿ ಮುಳ್ಳು ನಡುವೆ ನಿಲ್ಲಿಸಲು ತಕ್ಕಡಿ ಪಳಗಿದ ಕೈಯಿಂದಲೂ ಆಗಲಿಲ್ಲ. ಆಮೇಲೆ ಬುಸ್ಸೆನ್ನುವ ಪುಡಿ. ಅದರಿಂದ ಬಂದ ತೇಗಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಕೊನೆಗೆ ಗುಲಾಬಿ ಔಷಧ, ಪುದೀನ ವಾಸನೆಯದ್ದು. ಊಟವಾದ ಮೇಲೆ ಹಿತ್ತಲಿಗೆ ಹೋಗಿ ಎರಡು ಚಮಚ ಕುಡಿದು, ವಾಸನೆ ಹೋಗಲೆಂದು ಬಾಯಿ ಮುಕ್ಕಳಿಸಿ, ಉಸಿರು ಬಿಗಿಹಿಡಿದು ಒಳಗೆ ಬರುತ್ತಿದ್ದೆ.

ಮೂರನೆಯ ದಿನ ಬಾಗಿಲಲ್ಲೇ ಅವಳು ಎದುರಾದಳು. ಮುಖಕ್ಕೆ ಮುಖ. ಪುದೀನದ ವಾಸನೆ ನನಗೇ ಗಮ್ಮೆನ್ನುತ್ತಿತ್ತು. ಅವಳು, “ಬಟ್ಟೆ ಒಣಗಿದೆಯಾ ನೋಡಿದ್ರಾ?” ಎಂದು ಪಕ್ಕದಿಂದ ಹಾದುಹೋದಳು. ಸಿಕ್ಕಿಬೀಳಲಿಲ್ಲವಲ್ಲ ಎಂದು ಒಂದು ಕ್ಷಣ ಹಿಗ್ಗಿದೆ. ಮರುಕ್ಷಣ, ಯಾಕೆ ಸಿಕ್ಕಿಬೀಳಲಿಲ್ಲ ಎಂಬುದು ಹೊಳೆಯಿತು. ಮುಕ್ಕಳಿಸುವ ಅಗತ್ಯವೇ ಇರಲಿಲ್ಲ. ಅಲ್ಲೇ ಹಿತ್ತಲ ಮೆಟ್ಟಿಲ ಮೇಲೆ ಕೂತು, ಹಿಗ್ಗಿದ್ದಕ್ಕೆ ನಾಚಿಕೊಂಡೆ. ಒಣಗಿದ ಬಟ್ಟೆ ಮಡಚುವಾಗ ಒಂದೊಂದನ್ನೂ ಮೂಗಿಗೆ ಹಿಡಿಯುವುದು ಅವಳ ಅಭ್ಯಾಸ. ಅವತ್ತೂ ಹಿಡಿದಳು. ಅಭ್ಯಾಸ ಮಾತ್ರ ಉಳಿದಿತ್ತು.

ಔಷಧಗಳನ್ನು ಅಡಗಿಸಲು ಒಂದು ಅದ್ಭುತ ಜಾಗ ಕಂಡುಕೊಂಡಿದ್ದೆ. ನಿವೃತ್ತಿಯ ದಿನ ಇಲಾಖೆಯವರು ಹಿತ್ತಾಳೆಯ ತೂಕದ ಬಟ್ಟುಗಳ ಒಂದು ಮರದ ಪೆಟ್ಟಿಗೆ ಕೊಟ್ಟಿದ್ದರು. ಒಳಗೆ ನೀಲಿ ಮಖಮಲ್ಲು, ಎರಡು ಕೇಜಿಯ ಬಟ್ಟಿನಿಂದ ಐದು ಗ್ರಾಮಿನದರವರೆಗೆ ಒಂದೊಂದಕ್ಕೂ ಒಂದೊಂದು ಗುಳಿ. ಬಟ್ಟುಗಳನ್ನೆಲ್ಲ ತೆಗೆದು ಹಳೆಯ ಕಾಲುಚೀಲಕ್ಕೆ ತುಂಬಿ ಬೀರುವಿನ ಹಿಂದೆ ಎಸೆದೆ. ಎರಡು ಕೇಜಿಯ ಗುಳಿಯಲ್ಲಿ ಗುಲಾಬಿ ಬಾಟಲಿ, ಒಂದು ಕೇಜಿಯದರಲ್ಲಿ ಪುಡಿ, ಅರ್ಧ ಕೇಜಿಯದರಲ್ಲಿ ಜಗಿಯುವ ಮಾತ್ರೆ, ಸಣ್ಣ ಗುಳಿಗಳಲ್ಲಿ ಕ್ಯಾಪ್ಸೂಲು. ಮುಚ್ಚಳ ಹಾಕಿ ಮತ್ತೆ ಟಿವಿಯ ಪಕ್ಕ ಇಟ್ಟೆ. ಯಾರಿಗೆ ಅನುಮಾನ ಬರುತ್ತದೆ?

ಸಂಶೋಧನೆ ಸಾಗಿತು. ಐದನೆಯ ತಿಂಗಳಲ್ಲಿ ಪವಾಡ ನಡೆಯಿತು. ಒಂದು ವಾರ ಪೂರ್ತಿ ಉರಿಯೇ ಇಲ್ಲ! ಆ ವಾರ ಕುಡಿಯುತ್ತಿದ್ದುದು ಗುಲಾಬಿ ಔಷಧ. ಯುರೇಕಾ ಎಂದು ಕೂಗುವುದೊಂದು ಬಾಕಿ. ಮೆಡಿಕಲ್ ಶಾಪಿಗೆ ಓಡಿ, “ಮಿಕ್ಕಿದ್ದೆಲ್ಲ ಕಸ, ಇದೊಂದೇ ಔಷಧ,” ಎಂದು ಭಾಷಣ ಮಾಡಿ ಆರು ಬಾಟಲಿ ತಂದೆ. ಮುಂದಿನ ವಾರ ಉರಿ ಇಮ್ಮಡಿಯಾಗಿ ಮರಳಿತು. ಹೊಸ ಬಾಟಲಿಗಳು ನಕಲಿ ಎಂದು ಅಂಗಡಿಯವನ ಜೊತೆ ಜಗಳವಾಡಿದೆ. ಅವನು, “ಸಾರ್, ಏಳು ಜಾತಿ ಔಷಧ ಆಯ್ತು. ಇನ್ನು ಮಾರೋದು ನನಗೇ ಪಾಪ. ಡಾಕ್ಟರಿಗೆ ತೋರಿಸಿ,” ಅಂದ. ಔಷಧ ಮಾರುವವನೇ ಔಷಧ ಬೇಡ ಎಂದರೆ ಸ್ಥಿತಿ ಎಲ್ಲಿಗೆ ಬಂದಿರಬೇಕು, ಊಹಿಸಿ. ನಾನು ಊಹಿಸಲಿಲ್ಲ.

ಹೋದ ಭಾನುವಾರ ಅವಳ ತಂಗಿ ಊಟಕ್ಕೆ ಬಂದಳು. ನನ್ನ ನಾದಿನಿ ಮನಸ್ಸಿನಲ್ಲಿದ್ದುದನ್ನು ಬಾಯಲ್ಲಿ ತಡೆಯುವ ಹೆಣ್ಣಲ್ಲ. ಮೊದಲ ತುತ್ತಿಗೇ ಎದ್ದು ನಿಂತಳು.

“ಅಕ್ಕಾ! ಇದೇನೇ ಇದು? ಬಾಯೆಲ್ಲ ಬೆಂದುಹೋಯ್ತು! ನೀನು ರುಚಿ ನೋಡಿ ಮಾಡಿದ್ದಾ? ನಿನ್ನ ನಾಲಿಗೆಗೆ ಏನಾಗಿದೆಯೇ?”

ಸೌಟು ಹಿಡಿದವಳು ನಿಂತಲ್ಲೇ ನಿಂತಳು. ತಂಗಿಯ ಕಡೆ ನೋಡಲಿಲ್ಲ, ನನ್ನನ್ನೇ ನೋಡಿದಳು. ಕಣ್ಣು ಎವೆಯಿಕ್ಕದೆ ನೋಡಿದಳು. ಕಾಪಾಡಿ ಎನ್ನುತ್ತಿದ್ದಾಳೆ ಎಂದುಕೊಂಡೆ. ರಣರಂಗಕ್ಕೆ ಧುಮುಕಿದೆ.

“ಖಾರ ಎಲ್ಲಿದೆಯಮ್ಮಾ? ಹದವಾಗಿದೆಯಲ್ಲ! ನಿಮ್ಮನೇಲಿ ಏನು ಬರೀ ನೀರು ಕುಡಿದು ಬದುಕ್ತೀರಾ? ಏಯ್, ನನಗೆ ಇನ್ನೊಂದು ಸೌಟು ಹಾಕು. ಸಾಲದು, ಇನ್ನೊಂದು.”

“ಭಾವಾ, ನಿಮ್ಮ ಕಣ್ಣಲ್ಲಿ ನೀರು ಬರ್ತಿದೆ.”

“ಆನಂದಬಾಷ್ಪ!”

ಹೆಂಡತಿ ಇನ್ನೊಂದು ಸೌಟು ಹಾಕಿದಳು. ನಾಲ್ಕನೆಯ ಸೌಟಿಗೆ ಎದೆಯ ನಡುವಿನಿಂದ ಗಂಟಲವರೆಗೆ ಕಾದ ಸಲಾಕೆ ಎಳೆದಂತಾಯಿತು. ಬೆವರು ಕಿತ್ತುಕೊಂಡಿತು. ತಟ್ಟೆಯ ಮೇಲೆ ಬಾಗಿದ್ದು ನೆನಪಿದೆ. ಆಮೇಲೆ ನಾದಿನಿಯ ಕಿರುಚಾಟ, ಬಾಡಿಗೆ ಕಾರು, ಆಸ್ಪತ್ರೆಯ ಮಂಚ.

ಮೊದಲು ಎದೆಗೆ ವೈರು ಅಂಟಿಸಿ ಹೃದಯ ನೋಡಿದರು. ಅದು ಸರಿಯಾಗಿತ್ತು. ಆಮೇಲೆ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದರು. ನಮ್ಮ ವಯಸ್ಸಿನವರೇ, ಕನ್ನಡಕದ ಮೇಲಿನಿಂದ ನೋಡುವವರು. ನಾನು ರೋಗಿಯ ಕುರ್ಚಿಯಲ್ಲಿ, ಹೆಂಡತಿ ಪಕ್ಕದಲ್ಲಿ ದೊಡ್ಡ ಬಟ್ಟೆಚೀಲ ತಬ್ಬಿಕೊಂಡು.

“ಖಾರ ತಿಂತೀರಾ?”

“ಅಷ್ಟೇನಿಲ್ಲ.”

“ದಿನಾ ಮೂರು ಚಮಚ,” ಅಂದಳು ಹೆಂಡತಿ. “ಇವತ್ತು ನಾಲ್ಕು. ನಾನೇ ಹಾಕಿದ್ದು.”

ಡಾಕ್ಟರಮ್ಮನ ಪೆನ್ನು ನಿಂತಿತು. “ಏನಾದ್ರೂ ಔಷಧ ತಗೊಳ್ತಿದ್ರಾ?”

“ಇಲ್ಲವೇ ಇಲ್ಲ.”

ಹೆಂಡತಿ ಚೀಲಕ್ಕೆ ಕೈಹಾಕಿದಳು. ನನ್ನ ತೂಕದ ಪೆಟ್ಟಿಗೆ ಮೇಜಿನ ಮೇಲೆ ಬಂತು. ಮುಚ್ಚಳ ತೆರೆದಳು. ನೀಲಿ ಮಖಮಲ್ಲಿನ ಮೇಲೆ ನನ್ನ ಏಳು ತಿಂಗಳ ಸಂಶೋಧನೆ ಸಾಲಾಗಿ ಕೂತಿತ್ತು. ಡಾಕ್ಟರಮ್ಮ ಒಂದೊಂದನ್ನೇ ಎತ್ತಿ ನೋಡಿ, “ಇದೇನು, ಅಂಗಡಿ ಇಡೋಣಾಂತಿದ್ರಾ?” ಅಂದರು.

ನಾನು ಅವಳ ಕಡೆ ತಿರುಗಿದೆ. “ನಿನಗೆ ಹೇಗೆ…”

“ವಾರಕ್ಕೊಂದು ಸಲ ಧೂಳು ಒರೆಸೋದು ನಾನು. ಎರಡು ಕೈಯಲ್ಲಿ ಎತ್ತೋ ಪೆಟ್ಟಿಗೆ ಒಂದು ದಿನ ಒಂದೇ ಕೈಗೆ ಬಂತು. ಹಗುರಾಗಿದೆ ಅಂತ ಗೊತ್ತಾಗಲ್ವಾ?”

ಮೂವತ್ತನಾಲ್ಕು ವರ್ಷ ತೂಕದ ಇಲಾಖೆಯಲ್ಲಿದ್ದ ನಾನು, ಬಟ್ಟು ತೆಗೆದರೆ ಪೆಟ್ಟಿಗೆಯ ತೂಕ ಕಡಿಮೆಯಾಗುತ್ತದೆ ಎಂಬುದನ್ನು ಮರೆತಿದ್ದೆ. ಇದನ್ನು ದಯವಿಟ್ಟು ನನ್ನ ಹಳೆಯ ಸಹೋದ್ಯೋಗಿಗಳಿಗೆ ಹೇಳಬೇಡಿ.

ಡಾಕ್ಟರಮ್ಮ ಒಂದೇ ಒಂದು ಕ್ಯಾಪ್ಸೂಲು ಬರೆದರು, ಬೆಳಿಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ. ಮಿಕ್ಕಿದ್ದೆಲ್ಲ ನಿಲ್ಲಿಸಿ, ಒಂದು ತಿಂಗಳಾದ ಮೇಲೆ ಬಂದು ತೋರಿಸಿ ಅಂದರು. ಆ ಬುಸ್ ಪುಡಿಯಲ್ಲಿ ಉಪ್ಪಿನಂಶ ಇರುತ್ತದಂತೆ, ನನ್ನ ಬಿಪಿಯೂ ಏರಿತ್ತು. “ಖಾರ, ಹುಳಿ, ಕರಿದದ್ದು, ಟೀ, ಎಲ್ಲ ಬಂದ್. ಉಪ್ಪೂ ಅರ್ಧ,” ಎಂದು ಚೀಟಿ ಕೈಗಿಟ್ಟರು.

ಔಷಧದ ಕಿಟಕಿಯ ಮುಂದೆ ಬೆಂಚಿತ್ತು. ನಮ್ಮ ಸರದಿ ಬರುವವರೆಗೆ ಕೂತೆವು. ಪೆಟ್ಟಿಗೆ ಅವಳ ತೊಡೆಯ ಮೇಲೆ.

“ನನಗೆ ಗೊತ್ತಿದೆ ಅಂತ ನಿನಗೆ ಯಾವಾಗ ಗೊತ್ತಾಯ್ತು?” ಅಂದೆ.

“ನೀವು ಟೀ ಚೆನ್ನಾಗಿದೆ ಅಂದ ದಿನ. ಮೂವತ್ತೊಂದು ವರ್ಷದಲ್ಲಿ ಮೊದಲ್ನೇ ಸಲ ಹಾಗಂದ್ರಿ. ಅವತ್ತು ಸ್ನಾನದ ಮನೇಲಿ ಎಷ್ಟು ಅತ್ತೆ ಗೊತ್ತಾ? ಮುಂಚಿನ ವಾರ ಒಬ್ಬಳೇ ಮೂಗಿನ ಡಾಕ್ಟರ ಹತ್ರ ಹೋಗಿದ್ದೆ. ವಾಸನೆ, ರುಚಿ ಬಂದರೂ ಬರಬಹುದು, ಬರದೇನೂ ಇರಬಹುದು ಅಂದಿದ್ರು.”

“ನನಗೆ ಹೇಳ್ಬಾರ್ದಿತ್ತಾ?”

“ಹೇಳೋಕೆ ಬಾಯಿ ಬರ್ಲಿಲ್ಲ. ನೀವು ಇವತ್ತು ಉಪ್ಪು ಕಮ್ಮಿ ಅಂತೀರಾ, ನಾಳೆ ಹುಳಿ ಜಾಸ್ತಿ ಅಂತೀರಾ, ಅದನ್ನ ಹಿಡ್ಕೊಂಡೇ ಹೇಗೋ ಅಡುಗೆ ಮಾಡ್ಕೊಂಡು ಹೋಗೋಣ ಅಂತಿದ್ದೆ. ನನ್ನ ನಾಲಿಗೆ ಹೋದ್ರೆ ಹೋಗ್ಲಿ, ನಿಮ್ಮದು ಇದೆಯಲ್ಲ ಅಂತ. ನೀವು ನೋಡಿದ್ರೆ ಅದನ್ನೂ ಕಿತ್ಕೊಂಡ್ರಿ. ಏನು ಹಾಕಿದ್ರೂ ಚೆನ್ನಾಗಿದೆ. ಕತ್ತಲೇಲಿ ಕೈ ಹಿಡಿದಿದ್ದವರು ಕೈ ಬಿಟ್ಟ ಹಾಗಾಯ್ತು.”

“ಅದಕ್ಕೆ ಖಾರ ಸುರಿದ್ಯಾ?”

“ಬೈಲಿ ಅಂತ ಅರ್ಧ ಚಮಚ ಜಾಸ್ತಿ ಹಾಕ್ದೆ. ಚೆನ್ನಾಗಿದೆ ಅಂದ್ರಿ. ಒಂದು ಚಮಚ ಹಾಕ್ದೆ. ಬಹಳ ಚೆನ್ನಾಗಿದೆ ಅಂದ್ರಿ. ಆಮೇಲೆ ನನಗೂ ರೋಷ ಬಂತು. ಎಲ್ಲೀವರೆಗೆ ಹೋಗ್ತಾರೋ ನೋಡೇಬಿಡೋಣ ಅಂತ.”

“ಪೆಟ್ಟಿಗೆ ನೋಡಿದ ಮೇಲೂ ಮನಸ್ಸು ಕರಗಲಿಲ್ವಾ?”

“ಕರಗ್ತು. ಒಂದು ವಾರ ಖಾರಾನೇ ಹಾಕ್ಲಿಲ್ಲ. ಈಗಲಾದ್ರೂ ಖಾರ ಇಲ್ಲ ಅಂತಾರೇನೋ ಅಂತ ದಿನಾ ಎದುರಿಗೆ ನಿಂತು ಕಾದೆ. ಅವಾಗಲೂ ಚೆನ್ನಾಗಿದೆ ಅಂದ್ರಿ.”

ಗುಲಾಬಿ ಔಷಧದ ಪವಾಡದ ವಾರ! ಆರು ಬಾಟಲಿ, ಆ ಭಾಷಣ, ಆ ಜಗಳ ಎಲ್ಲ ಕಣ್ಣೆದುರು ಬಂತು. ನನ್ನ ಸಂಶೋಧನೆಯ ಏಕೈಕ ಯಶಸ್ಸು ಅವಳ ಕೈಯಿಂದ ಬಂದದ್ದಾಗಿತ್ತು.

“ನೀನೂ ಅದನ್ನೇ ತಿಂತಿದ್ದೆಯಲ್ಲೇ, ನಿನಗೆ ಏನೂ ಆಗಲಿಲ್ವಾ?”

ಅವಳು ಸ್ವಲ್ಪ ಹೊತ್ತು ಪೆಟ್ಟಿಗೆಯ ಮೂಲೆ ಉಜ್ಜಿದಳು. “ರುಚಿ ಹೋದ್ರೂ ಖಾರ ಉರಿಯುತ್ತೆ ರೀ. ನನ್ನ ಪಾಲು ಮೊದಲೇ ತೆಗೆದಿಟ್ಟು ಆಮೇಲೆ ನಿಮ್ಮದಕ್ಕೆ ಹಾಕ್ತಿದ್ದೆ. ಇವತ್ತು ತಂಗಿಗೂ ಬೇಕಂತಲೇ ಬಡಿಸ್ದೆ. ಅವಳಾದ್ರೂ ಬಾಯಿ ಬಿಡ್ತಾಳೆ, ನೀವೂ ಹೌದು ಅಂತೀರಿ ಅಂತ. ನಿಮ್ಮನ್ನೇ ನೋಡ್ತಾ ನಿಂತಿದ್ದೆ. ನೀವು ಇನ್ನೊಂದು ಸೌಟು ಅಂದ್ರಿ.”

ಏಳು ತಿಂಗಳು ನಾನು ಕರುಣೆ ಎಂದು ಬಡಿಸಿದ್ದು ಅವಳ ಪಾಲಿಗೆ ಏನಾಗಿತ್ತೆಂದು ಆ ಬೆಂಚಿನ ಮೇಲೆ ತಿಳಿಯಿತು. ತುಂಬಾ ನೋವಾಯಿತು. ಅವಳ ಕೈ ಹಿಡಿಯಬೇಕೆಂದು ಕೈ ಚಾಚಿದೆ. ಅಷ್ಟರಲ್ಲಿ ಕಿಟಕಿಯವನು ನಮ್ಮ ನಂಬರು ಕೂಗಿದ. ಅವಳೇ ಎದ್ದುಹೋಗಿ ಔಷಧ ತಂದಳು.

ಮಾರನೆಯ ಮಧ್ಯಾಹ್ನ ಒಲೆಯ ಮುಂದೆ ಅವಳ ಪಕ್ಕ ಹೋಗಿ ನಿಂತು ಅಂಗೈ ಚಾಚಿದೆ. ನನ್ನ ಮುಖ ನೋಡಿದಳು. ಪಾತ್ರೆಯಿಂದ ಒಂದು ಹನಿ ಬಿಸಿ ಬೇಳೆ ನನ್ನ ಅಂಗೈಗೆ ಹಾಕಿದಳು. ನೆಕ್ಕಿದೆ. ಸೂರು ನೋಡಿದೆ. ಮತ್ತೆ ಜೇಡರ ಬಲೆ ಕಟ್ಟಿತ್ತು.

“ಹೇಗಿದೆ?” ಅಂದಳು.

ಡಾಕ್ಟರಮ್ಮನ ಅಪ್ಪಣೆಯ ಬೇಳೆ. ಖಾರವಿಲ್ಲ, ಹುಳಿಯಿಲ್ಲ, ಉಪ್ಪು ಇದೆಯೋ ಇಲ್ಲವೋ ಎಂಬಷ್ಟು. ಸುಳ್ಳು ಹೇಳುವ ಅಭ್ಯಾಸ ಏಳು ತಿಂಗಳಿನದು, ಬಿಡುವುದು ಕಷ್ಟವಾಯಿತು.

“ಸಪ್ಪೆ,” ಅಂದೆ. “ಶುದ್ಧ ಸಪ್ಪೆ. ಇದನ್ನ ಮನುಷ್ಯರು ತಿಂತಾರಾ?”

“ಹಾಕಿ ನಿಮ್ಮ ಮುದ್ರೆ,” ಅಂದಳು. “ನಾಳೆಯಿಂದ…” ಎಂದು ಶುರುಮಾಡಿದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಮೇಲೆ ಎರಡು ತಟ್ಟೆ ಹಾಕಿದಳು. ಒಂದೇ ಪಾತ್ರೆಯಿಂದ ಇಬ್ಬರಿಗೂ ಬಡಿಸಿ ನನ್ನ ಎದುರು ಕೂತಳು. ಒಂದು ತುತ್ತು ಬಾಯಿಗಿಟ್ಟು, ಅಗಿದು, ಎರಡು ಕ್ಷಣ ಮೇಲೆ ನೋಡಿದಳು.

“ಹೌದು ರೀ,” ಅಂದಳು. “ನನಗೂ ಸಪ್ಪೆ.”

ಏಳು ತಿಂಗಳ ಮೇಲೆ ನಾವಿಬ್ಬರೂ ಅವತ್ತು ಒಂದೇ ಊಟ ಮಾಡಿದೆವು.